ಆಲ್ತಿಯೇರೊ ಸ್ಪಿನೆಲ್ಲಿ: ಸೆರೆವಾಸದಿಂದ ಐರೋಪ್ಯ ಸಂಸತ್ತಿಗೆ

1

ಶಾಸನಸಭೆಯ ಸದಸ್ಯನೊಬ್ಬನ ಬದುಕನ್ನು ಆತ ಗೆದ್ದ ಚುನಾವಣೆಗಳು, ವಹಿಸಿಕೊಂಡ ಪದವಿಗಳು ಹಾಗೂ ಜಾರಿಗೆ ತಂದ ಕಾಯಿದೆಗಳ ಲೆಕ್ಕದಲ್ಲಿ ಅಳೆಯುವುದು ವಾಡಿಕೆ. ಇಟಲಿಯ ಆಲ್ತಿಯೇರೊ ಸ್ಪಿನೆಲ್ಲಿಯ (1907-1986) ಬದುಕು ಈ ಅಳತೆಗೋಲಿಗೆ ಸುಲಭವಾಗಿ ಒಗ್ಗುವುದಿಲ್ಲ. 1976ರಿಂದ ತನ್ನ ಮರಣದವರೆಗೆ ಹತ್ತು ವರ್ಷಗಳ ಕಾಲ ಆತ ಐರೋಪ್ಯ ಸಂಸತ್ತಿನ ಸದಸ್ಯನಾಗಿದ್ದ. ಆ ಅವಧಿಯಲ್ಲಿ ಆತನ ನೇತೃತ್ವದಲ್ಲಿ ರೂಪುಗೊಂಡ ಪ್ರಮುಖ ಪಠ್ಯವೆಂದರೆ 1984ರ ಐರೋಪ್ಯ ಒಕ್ಕೂಟದ ಕರಡು ಒಪ್ಪಂದ. ಸಂಸತ್ತು ದೊಡ್ಡ ಬಹುಮತದಿಂದ ಅಂಗೀಕರಿಸಿದ ಈ ಕರಡು ಎಂದೂ ಜಾರಿಗೆ ಬರಲಿಲ್ಲ. ಅದಕ್ಕೆ ಮೂವತ್ತು ವರ್ಷ ಮೊದಲು ಆತ ಬೆಂಬಲಿಸಿದ್ದ ಇನ್ನೊಂದು ಕರಡಿಗೂ ಇದೇ ಗತಿ ಒದಗಿತ್ತು. ಹೀಗಿದ್ದರೂ ಬ್ರಸೆಲ್ಸ್‌ನಲ್ಲಿರುವ ಐರೋಪ್ಯ ಸಂಸತ್ತಿನ ಪ್ರಧಾನ ಕಟ್ಟಡಕ್ಕೆ ಆತನ ಹೆಸರನ್ನೇ ಇಡಲಾಗಿದೆ. ಆಡಳಿತದ ಅರ್ಥದಲ್ಲಿ ಸೋತ ಬರಹವೊಂದು ಚರಿತ್ರೆಯ ಅರ್ಥದಲ್ಲಿ ಹೇಗೆ ಉಳಿದು ಬೆಳೆಯುತ್ತದೆ ಎಂಬ ಪ್ರಶ್ನೆಗೆ ಸ್ಪಿನೆಲ್ಲಿಯ ಬದುಕು ಒಂದು ಮುಖ್ಯ ನಿದರ್ಶನವಾಗಿದೆ.

2

ಸ್ಪಿನೆಲ್ಲಿ ಜನಿಸಿದ್ದು 1907ರ ಆಗಸ್ಟ್ 31ರಂದು, ರೋಮ್ ನಗರದಲ್ಲಿ. ತಂದೆ ಸಮಾಜವಾದಿ ಒಲವಿನವನು. ಆತನ ಉದ್ಯೋಗದ ನಿಮಿತ್ತ ಕುಟುಂಬವು ಕೆಲಕಾಲ ಬ್ರೆಜಿಲ್‌ನಲ್ಲಿದ್ದು ಮರಳಿತ್ತು. ರೋಮ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದುತ್ತಿದ್ದ ದಿನಗಳು ಮುಸೊಲಿನಿಯ ಫ್ಯಾಸಿಸ್ಟ್ ಪ್ರಭುತ್ವ ಗಟ್ಟಿಗೊಳ್ಳುತ್ತಿದ್ದ ಕಾಲವೂ ಆಗಿತ್ತು. ಸಮಾಜವಾದಿ ನಾಯಕ ಮತ್ತಿಯೊತ್ತಿಯ ಕೊಲೆಯಾದ 1924ರಲ್ಲಿಯೇ ಸ್ಪಿನೆಲ್ಲಿ ಇಟಲಿಯ ಕಮ್ಯುನಿಸ್ಟ್ ಪಕ್ಷವನ್ನು ಸೇರಿದ. ಪಕ್ಷವು ಭೂಗತವಾದಾಗ ಆತ ಧರಿಸಿದ ಗುಪ್ತನಾಮ ಯುಲಿಸಿಸ್. 1927ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಬಂಧನಕ್ಕೊಳಗಾದಾಗ ಆತನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮರುವರ್ಷ ವಿಶೇಷ ನ್ಯಾಯಮಂಡಳಿಯು ಹದಿನಾರು ವರ್ಷ ಎಂಟು ತಿಂಗಳ ಶಿಕ್ಷೆಯನ್ನು ವಿಧಿಸಿತು.

ಹತ್ತು ವರ್ಷ ಸೆರೆಮನೆಗಳಲ್ಲಿ ಕಳೆದ ಮೇಲೆ 1937ರಲ್ಲಿ ಆತನನ್ನು ಪೊಂಜಾ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಸೆರೆಮನೆಯ ದೀರ್ಘ ಓದು ಆತನನ್ನು ಪಕ್ಷದ ನಿಷ್ಠೆಯಿಂದ ದೂರ ಕೊಂಡೊಯ್ದಿತ್ತು. ಸ್ಟಾಲಿನ್‌ನ ನೀತಿಗಳನ್ನು ಪ್ರಶ್ನಿಸಿದ್ದಕ್ಕಾಗಿ ಅದೇ ವರ್ಷ ಪಕ್ಷವು ಆತನನ್ನು ಉಚ್ಚಾಟಿಸಿತು. ಹೀಗೆ ಪ್ರಭುತ್ವ ಮತ್ತು ಪಕ್ಷ ಎರಡರಿಂದಲೂ ಹೊರಹಾಕಲ್ಪಟ್ಟ ಸ್ಥಿತಿಯಲ್ಲಿ 1939ರಲ್ಲಿ ಆತ ವೆಂತೊತೇನೆ ಎಂಬ ಮತ್ತೊಂದು ದ್ವೀಪವನ್ನು ತಲುಪಿದ. ತಿರ್ರೇನಿಯನ್ ಸಮುದ್ರದಲ್ಲಿರುವ ಈ ಪುಟ್ಟ ದ್ವೀಪದಲ್ಲಿ ಆಗ ನೂರಾರು ಫ್ಯಾಸಿಸ್ಟ್ ವಿರೋಧಿಗಳಿದ್ದರು. ಅಲ್ಲಿ ಊಟದ ಪಂಕ್ತಿಗಳೂ ಸಿದ್ಧಾಂತದ ಪ್ರಕಾರ ಬೇರೆಬೇರೆಯಾಗಿದ್ದವು. ಕಮ್ಯುನಿಸ್ಟರು, ಅರಾಜಕತಾವಾದಿಗಳು, ಸಮಾಜವಾದಿಗಳು ತಂತಮ್ಮ ಗುಂಪಿನೊಂದಿಗೆ ಉಣ್ಣುತ್ತಿದ್ದರು. ಉಚ್ಚಾಟಿತನೊಂದಿಗೆ ಹಳೆಯ ಸಂಗಾತಿಗಳು ಬೆರೆಯುತ್ತಿರಲಿಲ್ಲ. ಈ ಬಹಿಷ್ಕಾರವನ್ನು ಗಮನದಲ್ಲಿರಿಸಿಕೊಂಡಾಗ ಮಾತ್ರ ಮುಂದೆ ಸಂಸತ್ತಿನಲ್ಲಿ ಎಲ್ಲ ಪಕ್ಷಗಳವರನ್ನೂ ಒಂದೇ ಮೇಜಿನ ಸುತ್ತ ಕೂರಿಸಲು ಆತ ತೋರಿದ ಹಟದ ಅರ್ಥ ಸ್ಪಷ್ಟವಾಗುತ್ತದೆ.

3

ವೆಂತೊತೇನೆಯಲ್ಲಿ ಸ್ಪಿನೆಲ್ಲಿಗೆ ದೊರೆತ ಸಹಚಿಂತಕರಲ್ಲಿ ಇಬ್ಬರು ಮುಖ್ಯರು: ಅರ್ಥಶಾಸ್ತ್ರದ ಅಧ್ಯಾಪಕನಾಗಿದ್ದ ಎರ್ನೆಸ್ತೊ ರೊಸ್ಸಿ ಮತ್ತು ತತ್ತ್ವಶಾಸ್ತ್ರಜ್ಞ ಎವುಜೇನಿಯೊ ಕೊಲೋರ್ನಿ. ರೊಸ್ಸಿಯು ಅರ್ಥಶಾಸ್ತ್ರಜ್ಞ ಲೂಯಿಜಿ ಐನೌದಿಯೊಂದಿಗೆ ಪತ್ರವ್ಯವಹಾರ ಹೊಂದಿದ್ದ. ಮುಂದೆ ಇಟಲಿಯ ರಾಷ್ಟ್ರಾಧ್ಯಕ್ಷನಾದ ಐನೌದಿ, ಇಂಗ್ಲೆಂಡಿನ ಸಂಯುಕ್ತವಾದಿ ಚಿಂತಕರ ಬರಹಗಳನ್ನು ದ್ವೀಪಕ್ಕೆ ಕಳಿಸಿಕೊಟ್ಟ. ಈ ಓದು ಮತ್ತು ಚರ್ಚೆಗಳ ಫಲವಾಗಿ 1941ರಲ್ಲಿ ಸ್ಪಿನೆಲ್ಲಿ ಹಾಗೂ ರೊಸ್ಸಿ ಸೇರಿ, ಸ್ವತಂತ್ರ ಮತ್ತು ಏಕೀಕೃತ ಯುರೋಪಿಗಾಗಿ ಒಂದು ಪ್ರಣಾಳಿಕೆಯನ್ನು ಬರೆದರು. ಹಿಟ್ಲರನ ಸೈನ್ಯವು ಯುರೋಪಿನ ಬಹುಭಾಗವನ್ನು ಆಕ್ರಮಿಸಿದ್ದ ಕಾಲವದು. ಸಿಗರೇಟಿನ ತೆಳುಹಾಳೆಗಳ ಮೇಲೆ ಇದನ್ನು ಬರೆಯಲಾಯಿತೆಂದು ಪ್ರತೀತಿ. ಕೊಲೋರ್ನಿಯ ಪತ್ನಿ ಉರ್ಸುಲಾ ಹಿರ್ಷ್‌ಮನ್ ಅದನ್ನು ಕಾವಲುಗಾರರ ಕಣ್ಣು ತಪ್ಪಿಸಿ ಮುಖ್ಯಭೂಮಿಗೆ ಸಾಗಿಸಿದಳು.

ಪ್ರಣಾಳಿಕೆಯ ಮೂಲ ವಾದ ಸರಳವಾದುದು. ಸಂಪೂರ್ಣ ಸಾರ್ವಭೌಮತ್ವವನ್ನು ಪ್ರತಿಪಾದಿಸುವ ರಾಷ್ಟ್ರಪ್ರಭುತ್ವವೇ ಯುದ್ಧದ ಬೇರು; ಆದ್ದರಿಂದ ಯುದ್ಧಾನಂತರ ಹಳೆಯ ರಾಷ್ಟ್ರಗಳನ್ನು ಹಾಗೆಯೇ ಮರಳಿ ಕಟ್ಟಿದರೆ ಯುದ್ಧವೂ ಮರಳುತ್ತದೆ ಎಂಬುದು ಲೇಖಕರ ನಿಲುವು. ಪ್ರಗತಿಪರರು ಹಾಗೂ ಪ್ರತಿಗಾಮಿಗಳ ನಡುವಿನ ಗಡಿರೇಖೆಯನ್ನು ಇನ್ನು ಮುಂದೆ ಈ ಪ್ರಶ್ನೆಯ ಮೇಲೆಯೇ ಎಳೆಯಬೇಕೆಂದು ಅವರು ವಾದಿಸಿದರು. ಆದರೆ ಪ್ರಣಾಳಿಕೆಯು ದೋಷಮುಕ್ತವಾಗಿರಲಿಲ್ಲ. ಸಂಕ್ರಮಣ ಕಾಲದಲ್ಲಿ ಜನರನ್ನು ಮುನ್ನಡೆಸುವ ಕ್ರಾಂತಿಕಾರಿ ಪಕ್ಷವೊಂದರ ಕಲ್ಪನೆ ಅದರಲ್ಲಿದೆ. ತಾನು ತೊರೆದಿದ್ದ ಪಕ್ಷದ ಭಾಷೆ ಸ್ಪಿನೆಲ್ಲಿಯ ಬರಹವನ್ನು ಆಗಿನ್ನೂ ತೊರೆದಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮುಸೊಲಿನಿಯ ಪತನದ ನಂತರ 1943ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಸ್ಪಿನೆಲ್ಲಿ, ಅದೇ ತಿಂಗಳ ಕೊನೆಯಲ್ಲಿ ಮಿಲಾನ್‌ನಲ್ಲಿ ಐರೋಪ್ಯ ಸಂಯುಕ್ತವಾದಿ ಚಳವಳಿಯನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ. ಪ್ರಣಾಳಿಕೆಯನ್ನು 1944ರಲ್ಲಿ ರೋಮ್‌ನಲ್ಲಿ ಗುಪ್ತವಾಗಿ ಮುದ್ರಿಸಿದ ಕೊಲೋರ್ನಿ, ಆ ನಗರದ ವಿಮೋಚನೆಗೆ ಕೆಲವೇ ದಿನಗಳ ಮುನ್ನ ಫ್ಯಾಸಿಸ್ಟರ ಗುಂಡಿಗೆ ಬಲಿಯಾದ. ಸ್ಪಿನೆಲ್ಲಿ ಮುಂದೆ ಉರ್ಸುಲಾಳನ್ನು ವಿವಾಹವಾದ. ಕೊಲೋರ್ನಿಯ ಮೂವರು ಹೆಣ್ಣುಮಕ್ಕಳೂ ಈ ದಂಪತಿಗಳ ಮೂವರು ಹೆಣ್ಣುಮಕ್ಕಳೂ ಒಂದೇ ಮನೆಯಲ್ಲಿ ಬೆಳೆದರು. ಅವರಲ್ಲಿ ಎವಾ ಕೊಲೋರ್ನಿ ಮುಂದೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ಪತ್ನಿಯಾದಳು. 1985ರಲ್ಲಿ ತೀರಿಕೊಂಡ ಆಕೆಯ ಪ್ರಭಾವವನ್ನು ಸೇನ್ ಅವರು ಸ್ಮರಿಸಿದ್ದಾರೆ. ವೆಂತೊತೇನೆಯ ವಾಗ್ವಾದಗಳ ಒಂದು ಎಳೆ ಹೀಗೆ ಭಾರತೀಯ ಚಿಂತನೆಯವರೆಗೂ ಚಾಚಿಕೊಂಡಿದೆ.

4

ಯುದ್ಧಾನಂತರದ ಯುರೋಪಿನಲ್ಲಿ ಏಕೀಕರಣದ ಎರಡು ಮಾರ್ಗಗಳು ಮುಖಾಮುಖಿಯಾದವು. ಫ್ರಾನ್ಸಿನ ಜಾನ್ ಮೊನೆಯ ಮಾರ್ಗವು ಕಲ್ಲಿದ್ದಲು, ಉಕ್ಕು ಮುಂತಾದ ನಿರ್ದಿಷ್ಟ ಕ್ಷೇತ್ರಗಳಲ್ಲಿ ಸಹಕಾರವನ್ನು ಬೆಳೆಸಿ, ಕ್ರಮೇಣ ರಾಜಕೀಯ ಐಕ್ಯವನ್ನು ಸಾಧಿಸುವಂಥದು. ಸ್ಪಿನೆಲ್ಲಿಯ ಮಾರ್ಗ ಸಾಂವಿಧಾನಿಕವಾದುದು. ಜನಪ್ರತಿನಿಧಿಗಳ ಸಭೆಯೊಂದು ಮೊದಲು ಸಂವಿಧಾನವನ್ನು ರಚಿಸಬೇಕು, ಅಧಿಕಾರವು ಅಲ್ಲಿಂದ ಹರಿಯಬೇಕು ಎಂಬುದು ಆತನ ಪಟ್ಟು. 1952ರಲ್ಲಿ ಆರು ರಾಷ್ಟ್ರಗಳು ಸಹಿ ಮಾಡಿದ ಐರೋಪ್ಯ ರಕ್ಷಣಾ ಸಮುದಾಯದ ಒಪ್ಪಂದದಲ್ಲಿ, ಸಂಯುಕ್ತ ರಚನೆಯೊಂದನ್ನು ಯೋಜಿಸುವ ಹೊಣೆಯನ್ನು ಅದರ ಸಭೆಗೆ ವಹಿಸುವ 38ನೆಯ ವಿಧಿಯು ಸೇರಿತು. ಇಟಲಿಯ ಪ್ರಧಾನಿ ದೆ ಗಾಸ್ಪೆರಿ ಇದಕ್ಕಾಗಿ ಒತ್ತಾಯಿಸಿದ್ದರ ಹಿಂದೆ ಸ್ಪಿನೆಲ್ಲಿಯ ಪ್ರೇರಣೆಯಿತ್ತು. 1953ರ ಮಾರ್ಚ್‌ನಲ್ಲಿ ರಾಜಕೀಯ ಸಮುದಾಯದ ಕರಡು ಸಿದ್ಧವಾಯಿತು. ಆದರೆ 1954ರ ಆಗಸ್ಟ್ 30ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆಯು ರಕ್ಷಣಾ ಒಪ್ಪಂದವನ್ನು ತಡೆದಾಗ, ಅದರೊಡನೆ ಈ ಕರಡೂ ಬಿದ್ದುಹೋಯಿತು.

ಈ ಸೋಲಿನ ನಂತರ ಸ್ಪಿನೆಲ್ಲಿ ಸರ್ಕಾರಗಳನ್ನು ಬಿಟ್ಟು ನೇರವಾಗಿ ಜನರ ಬಳಿ ಹೋಗುವ ಆಂದೋಲನವನ್ನು ಪ್ರಯತ್ನಿಸಿದ. ಅದು ನಿರೀಕ್ಷಿಸಿದಷ್ಟು ವ್ಯಾಪಕವಾಗಲಿಲ್ಲ. 1965ರಲ್ಲಿ ರೋಮ್‌ನಲ್ಲಿ ಅಂತಾರಾಷ್ಟ್ರೀಯ ವ್ಯವಹಾರಗಳ ಅಧ್ಯಯನ ಸಂಸ್ಥೆಯೊಂದನ್ನು ಸ್ಥಾಪಿಸಿದ. 1970ರಿಂದ 1976ರವರೆಗೆ ಬ್ರಸೆಲ್ಸ್‌ನ ಐರೋಪ್ಯ ಆಯೋಗದ ಸದಸ್ಯನಾಗಿ ಕೈಗಾರಿಕಾ ನೀತಿಯ ಹೊಣೆ ಹೊತ್ತ. ಉರ್ಸುಲಾ 1975ರಲ್ಲಿ ಅದೇ ನಗರದಲ್ಲಿ ಯುರೋಪಿನ ಐಕ್ಯಕ್ಕಾಗಿ ಮಹಿಳೆಯರ ಸಂಘಟನೆಯೊಂದನ್ನು ಕಟ್ಟಿದಳು. ಆ ವರ್ಷದ ಕೊನೆಗೆ ತೀವ್ರ ಅನಾರೋಗ್ಯಕ್ಕೆ ತುತ್ತಾದಳು. ಆಯೋಗದಲ್ಲಿ ಕಳೆದ ವರ್ಷಗಳು ಸ್ಪಿನೆಲ್ಲಿಗೆ ಒಂದು ಸಂಗತಿಯನ್ನು ಖಚಿತಪಡಿಸಿದ್ದವು. ಅಧಿಕಾರಿಗಳ ದಕ್ಷತೆ ಎಷ್ಟೇ ಇದ್ದರೂ, ಜನರಿಂದ ಬಾರದ ಅಧಿಕಾರವು ರಾಷ್ಟ್ರಸರ್ಕಾರಗಳೆದುರು ನಿಲ್ಲಲಾರದು.

5

ಆಯೋಗದ ಸ್ಥಾನವನ್ನು ತೊರೆದ ಸ್ಪಿನೆಲ್ಲಿ, 1976ರಲ್ಲಿ ಇಟಲಿಯ ಕಮ್ಯುನಿಸ್ಟ್ ಪಕ್ಷದ ಪಟ್ಟಿಯಲ್ಲಿ ಸ್ವತಂತ್ರ ಅಭ್ಯರ್ಥಿಯಾಗಿ ರಾಷ್ಟ್ರೀಯ ಸಂಸತ್ತಿಗೆ ಆಯ್ಕೆಯಾದ. ಉಚ್ಚಾಟಿಸಿದ ಪಕ್ಷವೇ ಮೂವತ್ತೊಂಬತ್ತು ವರ್ಷಗಳ ನಂತರ, ಆತನ ನಿಲುವನ್ನು ಬದಲಿಸಿಕೊಳ್ಳಬೇಕೆಂಬ ಷರತ್ತಿಲ್ಲದೆ, ಆತನಿಗೆ ಸ್ಥಾನ ನೀಡಿತ್ತು. ಐರೋಪ್ಯ ಸಂಸತ್ತಿಗೆ ಆಗ ನೇರ ಚುನಾವಣೆ ಇರಲಿಲ್ಲ; ಸದಸ್ಯರನ್ನು ರಾಷ್ಟ್ರೀಯ ಸಂಸತ್ತುಗಳು ನಿಯೋಜಿಸುತ್ತಿದ್ದವು. ಸ್ಪಿನೆಲ್ಲಿಯೂ ಹಾಗೆಯೇ ಅಲ್ಲಿಗೆ ಹೋದ. 1979ರ ಜೂನ್‌ನಲ್ಲಿ ಒಂಬತ್ತು ರಾಷ್ಟ್ರಗಳ ಮತದಾರರು ಮೊದಲ ಬಾರಿಗೆ 410 ಸದಸ್ಯರನ್ನು ನೇರವಾಗಿ ಆರಿಸಿದಾಗ ಆತ ಮರಳಿ ಗೆದ್ದ. 1984ರಲ್ಲಿ ಮತ್ತೊಮ್ಮೆ ಆಯ್ಕೆಯಾದ.

ಜನರಿಂದ ಆಯ್ಕೆಯಾದರೂ ಈ ಸಂಸತ್ತಿಗೆ ಶಾಸನಾಧಿಕಾರವಿರಲಿಲ್ಲ. ಅದು ಅಭಿಪ್ರಾಯ ನೀಡಬಹುದಿತ್ತು. ಕಾಯಿದೆ ಮಾಡುವುದು ರಾಷ್ಟ್ರಗಳ ಸಚಿವರ ಪರಿಷತ್ತಿನ ಕೈಯಲ್ಲಿತ್ತು. ಹಣಕಾಸಿನ ವಿಷಯದಲ್ಲಿ ಮಾತ್ರ ಅದಕ್ಕೆ ಒಂದಿಷ್ಟು ಬಲವಿತ್ತು. 1979ರ ಡಿಸೆಂಬರ್‌ನಲ್ಲಿ ಸಂಸತ್ತು ಮುಂದಿನ ವರ್ಷದ ಆಯವ್ಯಯವನ್ನು ತಿರಸ್ಕರಿಸಿತಾದರೂ ಅದರಿಂದ ಮೂಲ ವ್ಯವಸ್ಥೆಯೇನೂ ಬದಲಾಗಲಿಲ್ಲ. ಈ ಹಿನ್ನೆಲೆಯಲ್ಲಿ 1980ರ ಜೂನ್‌ನಲ್ಲಿ ಸ್ಪಿನೆಲ್ಲಿ ಎಲ್ಲ ಸದಸ್ಯರಿಗೂ ಪತ್ರ ಬರೆದು, ಸುಧಾರಣೆಯನ್ನು ಸಂಸತ್ತೇ ಕೈಗೆತ್ತಿಕೊಳ್ಳಬೇಕೆಂದು ಕರೆಕೊಟ್ಟ. ಜುಲೈ 9ರಂದು ಬೇರೆಬೇರೆ ಪಕ್ಷಗಳ ಒಂಬತ್ತು ಮಂದಿ ಸ್ಟ್ರಾಸ್‌ಬರ್ಗ್‌ನ ಮೊಸಳೆಯ ಹೆಸರಿನ ಭೋಜನಶಾಲೆಯೊಂದರಲ್ಲಿ ಸೇರಿದರು. ಕ್ರೊಕೊಡೈಲ್ ಕೂಟವೆಂದೇ ಹೆಸರಾದ ಈ ಗುಂಪು ಅದೇ ಹೆಸರಿನ ಕಿರುಪತ್ರಿಕೆಯನ್ನು ಹೊರತಂದು ಸದಸ್ಯರಿಗೆಲ್ಲ ಹಂಚತೊಡಗಿತು. ವೆಂತೊತೇನೆಯಲ್ಲಿ ಪಂಕ್ತಿಭೇದವನ್ನು ಅನುಭವಿಸಿದ್ದವನು ಸಂಸತ್ತಿನಲ್ಲಿ ಆರಂಭಿಸಿದ ಮೊದಲ ಕೆಲಸವು ಸಹಭೋಜನದಿಂದ ತೊಡಗಿದ್ದು ಗಮನಾರ್ಹ.

ಕೂಟವು ಬೆಳೆಯಿತು. 1981ರ ಜುಲೈನಲ್ಲಿ ಸಂಸತ್ತು ಸಾಂಸ್ಥಿಕ ವ್ಯವಹಾರಗಳ ಸಮಿತಿಯನ್ನು ರಚಿಸಲು ತೀರ್ಮಾನಿಸಿತು. 1982ರ ಆರಂಭದಲ್ಲಿ ಕಾರ್ಯಾರಂಭ ಮಾಡಿದ ಆ ಸಮಿತಿಗೆ ಇಟಲಿಯ ಮೌರೊ ಫೆರ್ರಿ ಅಧ್ಯಕ್ಷನಾದ, ಸ್ಪಿನೆಲ್ಲಿ ಪ್ರಧಾನ ವರದಿಗಾರನಾದ. ಮೊದಲು ತತ್ತ್ವಗಳ ಬಗ್ಗೆ, ಅನಂತರ ವಿವರಗಳ ಬಗ್ಗೆ, ಕೊನೆಗೆ ನಾಲ್ವರು ನ್ಯಾಯಶಾಸ್ತ್ರಜ್ಞರ ನೆರವಿನಿಂದ ವಿಧಿಗಳ ಭಾಷೆಯ ಬಗ್ಗೆ ಎಂಬಂತೆ ಹಂತಹಂತವಾಗಿ ಒಮ್ಮತವನ್ನು ಕಟ್ಟಲಾಯಿತು. ಐರೋಪ್ಯ ಪೌರತ್ವ, ಪರಿಷತ್ತಿನೊಡನೆ ಸಂಸತ್ತಿಗೂ ಸಮಾನ ಶಾಸನಾಧಿಕಾರ, ಕೆಳಹಂತದಲ್ಲಿ ಆಗಬಹುದಾದ ಕೆಲಸವನ್ನು ಮೇಲಿನ ಹಂತವು ಕಸಿದುಕೊಳ್ಳಬಾರದೆಂಬ ತತ್ತ್ವ ಇವು 87 ವಿಧಿಗಳ ಆ ಕರಡಿನ ಮುಖ್ಯಾಂಶಗಳು. ಎಲ್ಲ ರಾಷ್ಟ್ರಗಳ ಒಪ್ಪಿಗೆಗೆ ಕಾಯದೆ, ಒಟ್ಟು ಜನಸಂಖ್ಯೆಯ ಮೂರನೆಯ ಎರಡು ಭಾಗವಿರುವ ಬಹುಸಂಖ್ಯಾತ ರಾಷ್ಟ್ರಗಳು ಅನುಮೋದಿಸಿದರೆ ಜಾರಿಯತ್ತ ಸಾಗಬಹುದೆಂಬುದು ಅದರ ದಿಟ್ಟ ಅಂಶವಾಗಿತ್ತು. 1984ರ ಫೆಬ್ರವರಿ 14ರಂದು 31ರ ವಿರುದ್ಧ 237 ಮತಗಳಿಂದ ಕರಡು ಅಂಗೀಕಾರವಾಯಿತು. 43 ಮಂದಿ ತಟಸ್ಥರಾಗಿದ್ದರು.

ಕರಡಿನ ಚರ್ಚೆಯ ವೇಳೆ ಸ್ಪಿನೆಲ್ಲಿ ಹೆಮಿಂಗ್‌ವೇಯ ಕಾದಂಬರಿಯ ಮುದಿ ಮೀನುಗಾರನನ್ನು ನೆನಪಿಸಿದ್ದ. ದೊಡ್ಡ ಮೀನನ್ನು ಹಿಡಿದವನು ದಡ ಸೇರುವಷ್ಟರಲ್ಲಿ ಶಾರ್ಕುಗಳು ಅದನ್ನು ತಿಂದು ಮುಗಿಸಿದ ಕತೆ ಅದು. ಆತನ ಆತಂಕ ನಿಜವಾಯಿತು. 1984ರ ಮೇ ತಿಂಗಳಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತೆರಾಂ ಸಂಸತ್ತಿನಲ್ಲಿಯೇ ಕರಡಿನ ಆಶಯವನ್ನು ಬೆಂಬಲಿಸಿದನಾದರೂ, ಮುಂದಿನ ಮಾತುಕತೆ ಸರ್ಕಾರಗಳ ನಡುವೆಯೇ ನಡೆಯಿತು. 1986ರ ಫೆಬ್ರವರಿಯಲ್ಲಿ ಸಹಿಯಾದ ಏಕ ಐರೋಪ್ಯ ಕಾಯಿದೆಯು ಮಾರುಕಟ್ಟೆಯ ಏಕೀಕರಣಕ್ಕೆ ಒತ್ತುಕೊಟ್ಟಿತು. ಸಂಸತ್ತಿಗೆ ಅದು ನೀಡಿದ ಅಧಿಕಾರ ಅಲ್ಪ. ಅದನ್ನು ತೀವ್ರವಾಗಿ ಟೀಕಿಸಿದ ಸ್ಪಿನೆಲ್ಲಿ ಅದೇ ವರ್ಷದ ಮೇ 23ರಂದು ರೋಮ್‌ನಲ್ಲಿ ನಿಧನನಾದ. ಆತನ ಸಮಾಧಿ ಇರುವುದು ಸೆರೆಯಾಳಾಗಿ ಬದುಕಿದ್ದ ವೆಂತೊತೇನೆಯಲ್ಲಿಯೇ.

6

ವಿವೇಕಿಯಾಗಲು ತಾನು ಹೇಗೆ ಪ್ರಯತ್ನಿಸಿದೆ ಎಂಬ ಅರ್ಥದ ಶೀರ್ಷಿಕೆಯುಳ್ಳ ಸ್ಪಿನೆಲ್ಲಿಯ ಆತ್ಮಕಥನದ ಮೊದಲ ಸಂಪುಟ 1984ರಲ್ಲಿಯೂ ಎರಡನೆಯದು ಮರಣಾನಂತರ 1987ರಲ್ಲಿಯೂ ಪ್ರಕಟವಾದವು. ಆ ಕಥನವು ಸಂಸತ್ತಿನ ಕಾಲವನ್ನು ಮುಟ್ಟುವ ಮೊದಲೇ ನಿಂತುಹೋಗಿದೆ. ಆ ಕಾಲದ ಚಿತ್ರವನ್ನು ಮೂರು ಸಂಪುಟಗಳ ದಿನಚರಿಯಲ್ಲಿ ಹುಡುಕಬೇಕು. ಪ್ರಣಾಳಿಕೆ, ಕಿರುಪತ್ರಿಕೆ, ಕರಡು, ದಿನಚರಿ ಇವುಗಳ ನಡುವೆ ಹರಡಿಕೊಂಡ ಈ ಬರಹಗಳ ಸಾಮಾನ್ಯ ಗುಣ ಅಪೂರ್ಣತೆ.

ಆದರೆ 1992ರಲ್ಲಿ ಸಹಿಯಾದ ಮಾಸ್ಟ್ರಿಕ್ಟ್ ಒಪ್ಪಂದವು ಐರೋಪ್ಯ ಒಕ್ಕೂಟವೆಂಬ ಹೆಸರನ್ನೂ ಪೌರತ್ವವನ್ನೂ ಸಂಸತ್ತಿನ ಸಹನಿರ್ಧಾರದ ಅಧಿಕಾರವನ್ನೂ ತಂದಿತು. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದವು ಆ ಸಹನಿರ್ಧಾರವನ್ನು ಸಾಮಾನ್ಯ ಶಾಸನಕ್ರಮವಾಗಿಸಿತು. 1984ರ ಕರಡಿನ ಹಲವು ಅಂಶಗಳು ಹೀಗೆ ಬೇರೆಯವರ ಸಹಿಯೊಂದಿಗೆ ಜೀವಂತವಾದವು. ಇದನ್ನು ಸ್ಪಿನೆಲ್ಲಿಯ ಗೆಲುವೆಂದು ಪೂರ್ಣವಾಗಿ ಒಪ್ಪಲು ಒಂದು ತೊಡಕಿದೆ. ಸಂವಿಧಾನದ ಹಂಬಲ ಜನರದೇ ಎಂದು ಆತ ನಂಬಿದ್ದ. 1979ರಲ್ಲಿ ಸುಮಾರು ಶೇ. 62ರಷ್ಟಿದ್ದ ಮತದಾನ 1984ರಲ್ಲಿ ಶೇ. 59ಕ್ಕೆ ಇಳಿಯಿತು. 2005ರಲ್ಲಿ ಐರೋಪ್ಯ ಸಂವಿಧಾನದ ಒಪ್ಪಂದವು ಜನರ ಮುಂದೆ ಬಂದಾಗ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್‌ನ ಮತದಾರರು ಅದನ್ನು ತಿರಸ್ಕರಿಸಿದರು. 1954ರಲ್ಲಿ ರಾಷ್ಟ್ರೀಯ ಸಭೆಯೊಂದು ಹೇಳಿದ ಬೇಡವೆಂಬ ಮಾತನ್ನು ಐವತ್ತು ವರ್ಷಗಳ ನಂತರ ಮತದಾರರೇ ಹೇಳಿದ್ದರು. ಪ್ರತಿನಿಧಿಗಳ ಒಮ್ಮತಕ್ಕೂ ಪ್ರತಿನಿಧಿತರ ಮನಸ್ಸಿಗೂ ನಡುವಿನ ಈ ಅಂತರಕ್ಕೆ ಆತನ ಚಿಂತನೆಯಲ್ಲಿ ಸಮರ್ಪಕ ಉತ್ತರವಿಲ್ಲ.

ಬ್ರಿಟನ್ ಒಕ್ಕೂಟವನ್ನು ತೊರೆಯಲು ನಿರ್ಧರಿಸಿದ ಎರಡು ತಿಂಗಳ ನಂತರ, 2016ರ ಆಗಸ್ಟ್‌ನಲ್ಲಿ, ಇಟಲಿ, ಜರ್ಮನಿ ಮತ್ತು ಫ್ರಾನ್ಸಿನ ನಾಯಕರು ವೆಂತೊತೇನೆಯ ಸಮಾಧಿಗೆ ಹೂವಿಟ್ಟರು. 2025ರ ಮಾರ್ಚ್‌ನಲ್ಲಿ ಇಟಲಿಯ ಪ್ರಧಾನಿ ಜೊರ್ಜಾ ಮೆಲೋನಿ ಅದೇ ಪ್ರಣಾಳಿಕೆಯ ಭಾಗಗಳನ್ನು ಸಂಸತ್ತಿನಲ್ಲಿ ಓದಿ, ಅದು ತನ್ನ ಯುರೋಪ್ ಅಲ್ಲವೆಂದು ನಿರಾಕರಿಸಿದಾಗ ಸದನದಲ್ಲಿ ಕೋಲಾಹಲವೆದ್ದಿತು. 1941ರಲ್ಲಿ ಸೆರೆಯಾಳುಗಳು ಬರೆದ ಪಠ್ಯವೊಂದು ಪೂಜೆ ಮತ್ತು ನಿರಾಕರಣೆ ಎರಡನ್ನೂ ಎದುರಿಸುತ್ತಲೇ ಉಳಿದಿದೆ. ಸ್ಪಿನೆಲ್ಲಿಯ ಸಂಸದೀಯ ಬದುಕಿನ ಮಹತ್ವವನ್ನು ಆತ ಗೆದ್ದ ಮತಗಳಿಗಿಂತ, ಪ್ರತಿ ಸೋಲಿನ ನಂತರವೂ ಹೊಸ ಕರಡಿಗೆ ಕೈಹಾಕಿದ ಆ ನಿರಂತರತೆಯಲ್ಲಿ ಗುರುತಿಸಬೇಕಾಗುತ್ತದೆ.