ಜ್ಯೋತಿರ್ಗಣಿತಜ್ಞ ವೆಂಕಟೇಶ ಬಾಪೂಜಿ ಕೇತಕರ

ನರಗುಂದವೆಂದೊಡನೆ, 1858ರಲ್ಲಿ ಆಂಗ್ಲರ ವಿರುದ್ಧ ಶಸ್ತ್ರವನ್ನೆತ್ತಿದ ಬಾಬಾಸಾಹೇಬನ ಹೆಸರು ನಮ್ಮ ಜನರ ನೆನಪಿಗೆ ಬರುವುದು ಸಹಜವೇ. ಆ ದಂಗೆಗೆ ನಾಲ್ಕು ವರ್ಷ ಮೊದಲು, 1854ರಲ್ಲಿ, ಅದೇ ಊರಿನಲ್ಲಿ ಜನಿಸಿದ ಇನ್ನೊಬ್ಬ ಮಹನೀಯರನ್ನು ಮಾತ್ರ ಕನ್ನಡನಾಡು ಬಹುಮಟ್ಟಿಗೆ ಮರೆತಿರುವುದು ವಿಷಾದಕರ. ಅವರೇ ಜ್ಯೋತಿರ್ಗಣಿತಜ್ಞರಾದ ವೆಂಕಟೇಶ ಬಾಪೂಜಿ ಕೇತಕರರು.

ಕೇತಕರರು ಶಾಲಾ ಉಪಾಧ್ಯಾಯರು. ವೇಧಶಾಲೆಯ ಅಧಿಕಾರವಾಗಲಿ, ವಿಶ್ವವಿದ್ಯಾಲಯದ ಪೀಠವಾಗಲಿ ಅವರಿಗಿರಲಿಲ್ಲ. ಹಗಲು ಬಾಲಕರಿಗೆ ಪಾಠ ಹೇಳಿ, ಉಳಿದ ಹೊತ್ತನ್ನು ಗಣಿತಕ್ಕೆ ಮೀಸಲಿಟ್ಟು, ನಮ್ಮ ಸಿದ್ಧಾಂತಗ್ರಂಥಗಳನ್ನೂ ಯೂರೋಪಿನ ನವೀನ ಗ್ರಹಕೋಷ್ಟಕಗಳನ್ನೂ ಸಮನಾಗಿ ಅರಗಿಸಿಕೊಂಡವರು ಅವರು.

ಅವರು ಕೈಕೊಂಡ ಕಾರ್ಯದ ಮಹತ್ವವನ್ನು ವಾಚಕರು ಒಂದು ಲೆಕ್ಕದಿಂದ ತಿಳಿಯಬಹುದು. ಸೂರ್ಯಸಿದ್ಧಾಂತದ ವರ್ಷಮಾನವು ನಿಜವಾದ ನಾಕ್ಷತ್ರ ವರ್ಷಕ್ಕಿಂತ ಸುಮಾರು ಮೂರೂವರೆ ನಿಮಿಷ ಹೆಚ್ಚು. ಈ ಅಲ್ಪವೇ ಕೂಡುತ್ತ ಹೋಗಿ ಸಾವಿರ ವರ್ಷಗಳಲ್ಲಿ ಎರಡು ದಿನಕ್ಕೂ ಮೀರುತ್ತದೆ. ದಕ್ಷಿಣದ ಅನೇಕ ಪಂಚಾಂಗಗಳಿಗೆ ಆಧಾರವಾಗಿದ್ದ ಗಣೇಶ ದೈವಜ್ಞನ ಗ್ರಹಲಾಘವವು 1520ರ ಕಾಲದ್ದು. ಅದರ ಗಣಿತಕ್ಕೂ ಆಕಾಶದಲ್ಲಿ ಕಾಣುವ ಗ್ರಹಗಳಿಗೂ ಹೊಂದಿಕೆ ತಪ್ಪಿದ್ದಿತು. ಗ್ರಹಣವು ಪಂಚಾಂಗದಲ್ಲಿ ಹೇಳಿದ ವೇಳೆಗೆ ಹಿಡಿಯದಿದ್ದರೆ ದೋಷವು ಸೂರ್ಯಚಂದ್ರರದಲ್ಲವಷ್ಟೆ! ಕೇತಕರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಂಸ್ಕೃತದಲ್ಲಿ ರಚಿಸಿದ ಜ್ಯೋತಿರ್ಗಣಿತವೂ, ಅನಂತರದ ಕೇತಕೀ ಗ್ರಹಗಣಿತವೂ, ನವೀನ ಗಣಿತವನ್ನು ನಮ್ಮ ಜೋಯಿಸರ ಕೈಗೆಟುಕುವ ರೂಪಕ್ಕೆ ತಂದವು. ಶಾಸ್ತ್ರವನ್ನು ತ್ಯಜಿಸಿರೆಂದು ಅವರು ಹೇಳಲಿಲ್ಲ; ಶಾಸ್ತ್ರವು ಆಕಾಶಕ್ಕೆ ಒಪ್ಪಬೇಕೆಂದು ಮಾತ್ರ ಹಟ ಹಿಡಿದರು.

ನಕ್ಷತ್ರಚಕ್ರದ ಆರಂಭವನ್ನು ಎಲ್ಲಿಂದ ಎಣಿಸಬೇಕೆಂಬ ವಿವಾದದಲ್ಲಿಯೂ ಅವರದು ಅದೇ ನಿಲುವು. ಲೋಕಮಾನ್ಯ ತಿಲಕರಂತಹ ಪ್ರಭಾವಶಾಲಿಗಳು ರೇವತೀ ಪಕ್ಷದವರಾಗಿದ್ದರು. ಕೇತಕರರು ಚಿತ್ರಾ ಪಕ್ಷವನ್ನು ಎತ್ತಿಹಿಡಿದರು. ಎರಡಕ್ಕೂ ಅಂತರವು ಸುಮಾರು ನಾಲ್ಕು ಅಂಶ, ಅಂದರೆ ಸೂರ್ಯನಿಗೆ ನಾಲ್ಕು ದಿನದ ಹಾದಿ. ತಿಥಿಯು ಇದರಿಂದ ಬದಲಾಗದು; ಸಂಕ್ರಾಂತಿಯೂ ಅಧಿಕಮಾಸವೂ ಬದಲಾಗುವುವು. ದೇಶಕ್ಕೆಲ್ಲ ಪೂಜ್ಯರಾದವರೊಡನೆ ಗಣಿತದಲ್ಲಿ ಭಿನ್ನಮತ ತಾಳುವುದು ದೇಶದ್ರೋಹವಲ್ಲವೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ. 1952ರಲ್ಲಿ ಮೇಘನಾದ ಸಾಹಾರವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು 1955ರ ತನ್ನ ವರದಿಯಲ್ಲಿ ಅಯನಾಂಶಕ್ಕೆ ಸ್ವೀಕರಿಸಿದ್ದು ಚಿತ್ರೆಯ ಆಧಾರವನ್ನೇ. ಅದನ್ನು ನೋಡಲು ಕೇತಕರರು ಬದುಕಿರಲಿಲ್ಲ.

ಹೊರನಾಡಿನಲ್ಲಿ ಅವರಿಗೆ ಹೆಸರು ತಂದದ್ದು ಬೇರೊಂದು ಲೇಖನ. 1911ರ ಮೇ ತಿಂಗಳಲ್ಲಿ ಫ್ರಾನ್ಸಿನ ಜ್ಯೋತಿಷ ಸಂಘದ ಪತ್ರಿಕೆಯಲ್ಲಿ, ನೆಪ್ಚೂನಿನ ಆಚೆ ಎರಡು ಗ್ರಹಗಳಿರಬೇಕೆಂದು ಅವರು ಬರೆದು, ಅವಕ್ಕೆ ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಸೂರ್ಯನಿಗೂ ಭೂಮಿಗೂ ಇರುವ ದೂರವನ್ನು ಒಂದೆಂದು ಎಣಿಸಿದರೆ ಬ್ರಹ್ಮನ ದೂರವು 38.95, ಪರಿಭ್ರಮಣಕಾಲ 242.28 ವರ್ಷ. 1930ರಲ್ಲಿ ಅಮೆರಿಕದ ಟಾಂಬಾ ಎಂಬವರು ಪ್ಲೂಟೋವನ್ನು ಕಂಡುಹಿಡಿದರು. ಅದರ ದೂರ ಸುಮಾರು 39.5, ಕಾಲ 248 ವರ್ಷ!

ಈ ಸಾಮೀಪ್ಯವನ್ನು ಕಂಡು, ಪ್ಲೂಟೋವನ್ನು ಮೊದಲು ಕಂಡವರು ನಮ್ಮವರೇ ಎಂದು ಸಾರುವ ಆಸೆ ಯಾರಿಗಾದರೂ ಆದೀತು. ನಾವು ಹಾಗೆ ಸಾರಲಾರೆವು. ಗುರುವಿನ ಉಪಗ್ರಹಗಳಲ್ಲಿ ಲಾಪ್ಲಾಸನು ಕಂಡ ಪರಿಭ್ರಮಣದ ಹೊಂದಿಕೆಯನ್ನು ಕೇತಕರರು ಹೊರಗ್ರಹಗಳಿಗೆ ಅನ್ವಯಿಸಿದ್ದರು. ಅಲ್ಲಿ ಆ ಹೊಂದಿಕೆ ಇಲ್ಲವೆಂದು ಈಗ ತಿಳಿದಿದೆ. ಆಕಾಶದಲ್ಲಿ ಎಲ್ಲಿ ಹುಡುಕಬೇಕೆಂಬುದನ್ನು ಅವರು ಹೇಳಿರಲಿಲ್ಲ. ವಿಷ್ಣುವು ದೊರೆಯಲೇ ಇಲ್ಲ. ಪ್ಲೂಟೋ ಕೂಡ ನಮ್ಮ ಚಂದ್ರನ ಐದನೆಯ ಒಂದು ಪಾಲಿನಷ್ಟೂ ತೂಗದ ಕಿರಿಯ ಕಾಯವೆಂದು ತಿಳಿದು, 2006ರಲ್ಲಿ ಗ್ರಹಪಂಕ್ತಿಯಿಂದ ಇಳಿಯಿತು. ಆಕಾಶಕ್ಕೆ ಒಪ್ಪದ ಗಣಿತವನ್ನು ಜನ್ಮವೆಲ್ಲ ಒಪ್ಪದವರಿಗೆ, ಆಕಾಶಕ್ಕೆ ಒಪ್ಪದ ಹೊಗಳಿಕೆಯನ್ನು ಅರ್ಪಿಸುವುದು ಗೌರವವಾದೀತೆ?

ಅವರ ನಿಜವಾದ ಕಾಣಿಕೆಯು ಸದ್ದಿಲ್ಲದ್ದು. 1923ರಲ್ಲಿ ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಶಾಖೆಯವರು ಪ್ರಕಟಿಸಿದ, ಭಾರತೀಯ ಮತ್ತು ವಿದೇಶೀಯ ಕಾಲಗಣನೆಗಳನ್ನು ಕುರಿತ ಅವರ ಗ್ರಂಥವನ್ನೇ ತೆಗೆದುಕೊಳ್ಳಿ. ನಮ್ಮ ಕಣಕಟ್ಟೆ, ಅರಸೀಕೆರೆ, ಬೇಲೂರು, ಹಳೇಬೀಡುಗಳ ಹೊಯ್ಸಳ ಶಾಸನಗಳನ್ನು ರೈಸ್ ಸಾಹೇಬರು 1902ರಲ್ಲಿ ಅಚ್ಚಿಗೆ ತಂದರು. ಅಂತಹ ಶಾಸನಗಳಲ್ಲಿ ಕೊಟ್ಟ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳು ಪರಸ್ಪರ ಕೂಡುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಈ ಬಗೆಯ ಗಣಿತದಿಂದಲೇ. ದತ್ತಿಯ ಕಲ್ಲಿನ ಮೇಲಿನ ಸೋಮವಾರವು ನಿಜವಾಗಿ ಸೋಮವಾರವೇ ಎಂಬುದನ್ನು ಹೇಳಬಲ್ಲ ವಿದ್ಯೆಯು ಚರಿತ್ರೆಗೆ ಸಾಕ್ಷಿಯಿದ್ದಂತೆ.

ಕೇತಕರರು 1930ರಲ್ಲಿಯೇ ಕಾಲವಶರಾದರು. ಯುಗಾದಿಯಂದು ಹೊಸ ಪಂಚಾಂಗವನ್ನು ಕೊಳ್ಳುವ ಗೃಹಸ್ಥರು, ಅದರ ಗಣಿತವು ಆಕಾಶಕ್ಕೆ ಕೂಡುವುದೇ ಎಂದು ಒಮ್ಮೆ ಕೇಳಿದರೆ ಸಾಕು. ನಮ್ಮ ಶಾಲೆಗಳಲ್ಲಿಯೂ ನರಗುಂದದ ವೀರನ ಕಥೆಯ ಜೊತೆಗೆ ನರಗುಂದದ ಈ ಉಪಾಧ್ಯಾಯರ ಕಥೆಯನ್ನು ಹೇಳತಕ್ಕದ್ದು. ನಾಡಿಗೆ ಖಡ್ಗ ಹಿಡಿದವರ ಸ್ಮರಣೆ ಎಷ್ಟು ಅವಶ್ಯವೋ, ಲೆಕ್ಕ ತಪ್ಪದವರ ಸ್ಮರಣೆಯೂ ಅಷ್ಟೇ ಅವಶ್ಯ.