ಕಲ್ಯಾಣದ ಮಗಳು ಡಾ. ಆನಂದಿಬಾಯಿ ಜೋಶಿ

ಠಾಣೆಯಿಂದ ಹೊರಟ ನಿಧಾನಗತಿಯ ಲೋಕಲ್ ರೈಲು ಮುಂಬ್ರಾ, ದಿವಾ, ಡೊಂಬಿವಲಿಗಳನ್ನು ಹಾದು ಕಲ್ಯಾಣವನ್ನು ಸೇರುತ್ತದೆ. ಈ ಹಾದಿಯ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮುಗಿಸಿ ಮರಳುವ ವೈದ್ಯೆಯರಲ್ಲಿ, ದಾದಿಯರಲ್ಲಿ ನಮ್ಮ ಕನ್ನಡ ಮನೆಗಳ ಹೆಣ್ಣುಮಕ್ಕಳೂ ಇದ್ದಾರೆ. ರೋಗಿಯೊಬ್ಬರು ಉಳಿಯದೆ ಹೋದರೆ ತಮ್ಮಲ್ಲೇ ಕೊರತೆಯಿತ್ತೆಂದು ಅವರು ದಿನಗಟ್ಟಲೆ ತಮ್ಮನ್ನೇ ಹಳಿದುಕೊಳ್ಳುವುದನ್ನು ನಾವು ಕಂಡಿದ್ದೇವೆ. ಗಟ್ಟಿಯಾಗಲು ಬೈಗುಳ ಬೇಕೆಂದು ನಂಬುವ ಹಿರಿಯರೂ ನಮ್ಮಲ್ಲಿ ಕಡಿಮೆಯಿಲ್ಲ. ಇವರೆಲ್ಲರೂ ಅರಿಯಬೇಕಾದ ಒಂದು ಬಾಳು ಈ ಕಲ್ಯಾಣದಲ್ಲಿಯೇ ಆರಂಭವಾಯಿತು.

1865ರ ಮಾರ್ಚ್ 31ರಂದು ಜನಿಸಿದ ಆ ಮಗುವಿನ ಹೆಸರು ಯಮುನಾ. 9ನೆಯ ವಯಸ್ಸಿನಲ್ಲಿ, ತನಗಿಂತ ಸುಮಾರು 20 ವರ್ಷ ಹಿರಿಯರಾದ ಅಂಚೆ ಗುಮಾಸ್ತ ಗೋಪಾಲರಾವ್ ಜೋಶಿಯವರನ್ನು ವರಿಸಿ ಆನಂದಿಯಾದಳು. ಹೆಂಡತಿ ಓದಲೇಬೇಕೆಂಬುದು ಗೋಪಾಲರಾಯರ ಹಟ. ಆ ಕಾಲಕ್ಕೆ ಅದು ಅಪೂರ್ವವಾದ ಸಂಗತಿ. ಆದರೆ ಹಟದ ರೀತಿ ಕ್ರೂರವಾಗಿತ್ತು. ಪಾಠ ತಪ್ಪಿದರೆ ಕಟ್ಟಿಗೆಯ ತುಂಡು, ಕುರ್ಚಿ, ಪುಸ್ತಕಗಳು ಬಾಲಕಿಯ ಮೈಮೇಲೆ ಬೀಳುತ್ತಿದ್ದವು. ಬಿಟ್ಟುಹೋಗುವೆನೆಂಬ ಬೆದರಿಕೆಯೂ ಇತ್ತು.

14ನೆಯ ವಯಸ್ಸಿನಲ್ಲಿ ಹೆತ್ತ ಗಂಡುಮಗು 10 ದಿನ ಮಾತ್ರ ಬದುಕಿತು. ಎಳೆಯ ತಾಯಿಯೊಬ್ಬಳು ತನ್ನ ಹಣೆಬರಹವನ್ನೋ ತನ್ನ ತಪ್ಪನ್ನೋ ನೆನೆದು ಕೊರಗಿ ಸುಮ್ಮನಾಗುವುದು ಅಂದಿನ ವಾಡಿಕೆ. ಆನಂದಿಬಾಯಿಯವರು ಕಾರಣವನ್ನು ಬೇರೆಡೆ ಕಂಡರು. ಪುರುಷ ವೈದ್ಯರ ಮುಂದೆ ಬಾರದ ಹೆಂಗಸರಿಗೆ ಹೆಣ್ಣು ವೈದ್ಯರೇ ಇಲ್ಲ ಎಂಬುದು ಆ ಕಾರಣ. ತಾನೇ ವೈದ್ಯೆಯಾಗಬೇಕೆಂಬ ನಿರ್ಧಾರ ಅಲ್ಲಿಂದ ಮೂಡಿತು.

ಗೋಪಾಲರಾಯರು ಅಮೆರಿಕದ ಪಾದ್ರಿಯೊಬ್ಬರಿಗೆ ಬರೆದ ಪತ್ರ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜೆರ್ಸಿಯ ರೊಸೆಲ್ ಊರಿನ ಗೃಹಿಣಿ ಥಿಯೊಡಿಶಿಯಾ ಕಾರ್ಪೆಂಟರ್ ಅದನ್ನು ದಂತವೈದ್ಯರ ಬಳಿ ಕಾಯುತ್ತ ಕುಳಿತಾಗ ಓದಿದರು. ಅಂದಿನಿಂದ ಪತ್ರವ್ಯವಹಾರ ಬೆಳೆಯಿತು. ಕಲ್ಕತ್ತೆಯಲ್ಲಿ ತಲೆನೋವು, ಜ್ವರ, ನಿಶ್ಶಕ್ತಿಯಿಂದ ಆನಂದಿಬಾಯಿಯವರು ಬಳಲುತ್ತಿದ್ದಾಗ ಆಕೆ ಕಡಲಾಚೆಯಿಂದ ಔಷಧ ಕಳುಹಿಸಿದರು. ಆನಂದಿಬಾಯಿಯವರಿಗೆ ಆಕೆ ಮಾವಶಿಯಾದರು. ಬೈಯದೆ ವಿಚಾರಿಸುವ ಒಂದು ದನಿ ಆ ಬಾಳಿಗೆ ದೊರೆತದ್ದು ಹೀಗೆ. ಇದನ್ನು ಕೇವಲ ಅನುಕೂಲವೆಂದು ಎಣಿಸಲು ನಮಗೆ ಮನಸ್ಸಿಲ್ಲ.

1883ರ ಫೆಬ್ರವರಿಯಲ್ಲಿ ಶ್ರೀರಾಮಪುರದ ಕಾಲೇಜಿನಲ್ಲಿ ಭಾಷಣ ಮಾಡಿ, ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುವೆನೆಂದು ಸಾರಿದರು. ಅದೇ ವರ್ಷ ಪತಿಯ ಜೊತೆಯಿಲ್ಲದೆ ಹಡಗೇರಿದರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಬರೆದ ಅರ್ಜಿಯಲ್ಲಿ, ತನ್ನ ದೃಢನಿಶ್ಚಯವು ಓದಿನ ಕೊರತೆಯನ್ನು ತುಂಬಬಲ್ಲುದೆಂದೂ ತಾನು ಸೋಲಬಾರದೆಂದೂ ಬರೆದುಕೊಂಡರು. 18ರ ಹರೆಯಕ್ಕೆ ಎಂಥ ಹೊರೆ! ಚಳಿನಾಡಿನಲ್ಲಿ ಸೀರೆಯನ್ನು ಬಿಡಲಿಲ್ಲ, ಸಸ್ಯಾಹಾರವನ್ನು ಬಿಡಲಿಲ್ಲ. ದೇಹ ಸೊರಗುತ್ತ ಬಂದರೂ ಪಟ್ಟು ಸಡಿಲಿಸಲಿಲ್ಲ.

ಅಮೆರಿಕದಿಂದ ಪತಿಗೆ ಬರೆದ ಪತ್ರವೊಂದು ನಮ್ಮ ದೃಷ್ಟಿಯಲ್ಲಿ ಅವರ ಪದವಿಗಿಂತಲೂ ದೊಡ್ಡ ಸಾಧನೆ. ಬಾಲ್ಯದ ಆ ಹೊಡೆತಗಳನ್ನು ಒಂದೊಂದಾಗಿ ನೆನಪಿಸಿ, ಅವು ಒಳಿತೋ ಕೆಡುಕೋ ಎಂದು ಅಲ್ಲಿ ಅವರು ತೂಗಿದ್ದಾರೆ. ಗುರಿಯನ್ನು ನೋಡಿದರೆ ಸರಿಯೆನ್ನಬಹುದು, ಆದರೆ ಎಳೆಯ ಮನಸ್ಸಿನ ಮೇಲಾಗಬಹುದಾದ ಪರಿಣಾಮವನ್ನು ನೋಡಿದರೆ ತಪ್ಪೆಂದೇ ಒಪ್ಪಬೇಕು ಎಂಬುದು ಅವರ ತೀರ್ಮಾನದ ಸಾರ. ಅಲ್ಲಿ ರೋಷವೂ ಇಲ್ಲ, ಆತ್ಮನಿಂದೆಯೂ ಇಲ್ಲ. ಗೋಪಾಲರಾಯರ ಏಟಿನಿಂದಲೇ ಆನಂದಿ ಡಾಕ್ಟರಾದಳೆಂದು ಹೇಳುವವರನ್ನು ನಾವು ಇಂದಿಗೂ ಕಾಣುತ್ತೇವೆ. ಏಟು ತಿಂದವರೇ ಕೊಟ್ಟ ತೀರ್ಪು ಅದಲ್ಲ. ತಮ್ಮೊಳಗೇ ಒಬ್ಬ ಗೋಪಾಲರಾಯನನ್ನು ಕೂರಿಸಿಕೊಂಡು ದುಡಿಯುವ ಇಂದಿನ ವೈದ್ಯೆಯರು ಈ ಪತ್ರವನ್ನು ಹುಡುಕಿ ಓದಬೇಕು.

1886ರ ಮಾರ್ಚ್ 11ರಂದು ಎಂ.ಡಿ. ಪದವಿ ದೊರೆಯಿತು. ಹಿಂದೂಗಳ ಪ್ರಾಚೀನ ಪ್ರಸೂತಿ ವಿಧಾನವೇ ಅವರ ಪ್ರಬಂಧದ ವಿಷಯ. ಸಮಾರಂಭಕ್ಕೆ ಪಂಡಿತಾ ರಮಾಬಾಯಿಯವರು ಬಂದಿದ್ದರು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಮಹಿಳಾ ವಿಭಾಗದ ಹೊಣೆಯನ್ನು ಅವರಿಗಾಗಿ ಕಾಯ್ದಿರಿಸಿತು. ಆದರೆ ವರ್ಷಾಂತ್ಯದಲ್ಲಿ ತಾಯ್ನಾಡಿಗೆ ಮರಳಿದಾಗ ಕ್ಷಯರೋಗವು ಉಲ್ಬಣಿಸಿತ್ತು. ಕೊಲ್ಹಾಪುರದ ಹುದ್ದೆಯಲ್ಲಿ ಕೆಲಸ ಆರಂಭಿಸಲು ಆಗಲೇ ಇಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಅವರು ತೀರಿಕೊಂಡರು. 22 ತುಂಬಲು ಇನ್ನೂ ಒಂದು ತಿಂಗಳಿತ್ತು.

ಅವರ ಚಿತಾಭಸ್ಮವನ್ನು ಅಮೆರಿಕದ ಮಾವಶಿಗೆ ಕಳುಹಿಸಿಕೊಡಲಾಯಿತು. ಆಕೆ ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ತಮ್ಮ ಮನೆತನದವರ ಸಮಾಧಿಗಳ ನಡುವೆ ಇರಿಸಿದರು.