ಬೆಳಕು ಬರುವ ಮುನ್ನವೇ ಹೊರಟುಹೋದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್



ಮಂಗಫಿನಲ್ಲಿ ಆಗಸ್ಟ್ ತಿಂಗಳು ಹೇಗಿರುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಎ.ಸಿ. ಒಂದು ಗಂಟೆ ನಿಂತರೆ ಮನೆಯಲ್ಲಿ ಕೂರುವಂತಿಲ್ಲ. ನಲ್ಲಿಯಲ್ಲಿ ಬರುವ ನೀರೂ ಸಮುದ್ರದ ಉಪ್ಪು ಕಳೆದು ಬಂದದ್ದು. 1953ರಲ್ಲಿ ಶುವೈಖಿನಲ್ಲಿ ಸರ್ಕಾರದ ಸಿಹಿನೀರಿನ ಸ್ಥಾವರ ಆರಂಭವಾಗುವ ಮುಂಚೆ, ಶತ್ ಅಲ್ ಅರಬ್ ನದಿಯ ನೀರನ್ನು ಹಾಯಿದೋಣಿಗಳಲ್ಲಿ ತಂದು ಈ ಊರವರು ಕುಡಿಯುತ್ತಿದ್ದರಂತೆ. ವಿದ್ಯುತ್ತು, ನೀರು ಎರಡನ್ನೂ ಒಂದು ಸರ್ಕಾರಿ ಇಲಾಖೆ ಮನೆಮನೆಗೆ ಮುಟ್ಟಿಸಬೇಕಾದರೆ ಹಿಂದೆ ಎಷ್ಟು ಕೆಲಸ ನಡೆದಿರಬೇಕು! ನಮ್ಮ ಬೆಂಗಳೂರಿಗೆ ಈ ಎರಡನ್ನೂ ತರಲು ದುಡಿದ ಮೈಸೂರು ದಿವಾನರೊಬ್ಬರ ಕಥೆಯನ್ನು ಈ ಬಾರಿ ನಿಮ್ಮ ಮುಂದಿಡುತ್ತಿದ್ದೇವೆ.

ದಿವಾನರೆಂದ ಕೂಡಲೇ ನಮಗೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರು ನೆನಪಾಗುತ್ತಾರೆ. ಅದು ಸರಿಯೇ. ಆದರೆ ಅವರಿಗಿಂತ ಮೊದಲು ಹದಿನೆಂಟು ವರ್ಷ ಆ ಹುದ್ದೆಯಲ್ಲಿದ್ದವರು ಕುಮಾರಪುರಂ ಶೇಷಾದ್ರಿ ಅಯ್ಯರ್. ಶೇಷಾದ್ರಿಪುರ, ಶೇಷಾದ್ರಿ ರಸ್ತೆ ಎಂದು ದಿನಕ್ಕೆ ಹತ್ತು ಸಲ ಹೇಳುವ ನಾವು ಆ ಹೆಸರಿನ ಹಿಂದಿರುವ ಮನುಷ್ಯನನ್ನು ಮರೆತೇಬಿಟ್ಟಿದ್ದೇವೆ.

ಅಯ್ಯರ್ ನಮ್ಮ ಸೀಮೆಯವರಲ್ಲ. ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲ್ಘಾಟಿನಲ್ಲಿ. ಇಲ್ಲಿ ನಮ್ಮ ಕಟ್ಟಡಗಳಲ್ಲಿ ನೆರೆಯವರಾಗಿರುವ ಎಷ್ಟೋ ಕೇರಳದ ಕುಟುಂಬಗಳ ಊರು ಅದೇ! ಕಲ್ಲಿಕೋಟೆಯಲ್ಲಿ, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ಕಲ್ಲಿಕೋಟೆಯ ಸರ್ಕಾರಿ ಕಚೇರಿಯಲ್ಲಿ ಭಾಷಾಂತರಕಾರರಾಗಿದ್ದಾಗ ರಂಗಾಚಾರ್ಲು ಎಂಬ ಹಿರಿಯ ಅಧಿಕಾರಿಯ ಕಣ್ಣಿಗೆ ಬಿದ್ದರು. 1868ರಲ್ಲಿ ರಂಗಾಚಾರ್ಲು ಮೈಸೂರಿಗೆ ಬಂದಾಗ ಈ ಯುವಕನನ್ನೂ ಕರೆತಂದು ಶಿರಸ್ತೇದಾರನ ಕೆಲಸ ಕೊಡಿಸಿದರು. ಗುರುತಿನವರೊಬ್ಬರು ಮೊದಲು ಬಂದು ನೆಲೆ ನಿಂತು, ಆಮೇಲೆ ಇನ್ನೊಬ್ಬರನ್ನು ಕರೆಸಿಕೊಳ್ಳುವುದು... ಕುವೈತಿಗೆ ಬಂದ ನಮ್ಮಲ್ಲಿ ಅನೇಕರ ಕಥೆಯೂ ಇದೇ ತಾನೆ?

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದರು. ಕೊಟ್ಟದ್ದು ಬರಗಾಲದಲ್ಲಿ ನಲುಗಿದ ರಾಜ್ಯವನ್ನು. 1876ರಿಂದ 78ರವರೆಗಿನ ಕ್ಷಾಮದ ಹೊಡೆತಕ್ಕೆ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅದರ ಮೇಲೆ 80 ಲಕ್ಷ ರೂಪಾಯಿ ಸಾಲ. ಜೊತೆಗೆ ಬ್ರಿಟಿಷ್ ಸರ್ಕಾರಕ್ಕೆ ಪ್ರತಿ ವರ್ಷ 24 ಲಕ್ಷಕ್ಕೂ ಮಿಕ್ಕಿ ಕಪ್ಪ. ಮೊದಲ ದಿವಾನರಾದ ರಂಗಾಚಾರ್ಲು ಎರಡೇ ವರ್ಷಕ್ಕೆ, 1883ರ ಜನವರಿಯಲ್ಲಿ ತೀರಿಕೊಂಡರು. ಆ ಜಾಗಕ್ಕೆ ಬಂದಾಗ ಶೇಷಾದ್ರಿ ಅಯ್ಯರಿಗೆ ಇನ್ನೂ ಮೂವತ್ತೇಳು ವರ್ಷ.

ಅಂತಹ ಹೊತ್ತಿನಲ್ಲಿ ಯಾರಾದರೂ ಮೊದಲು ಖರ್ಚು ಕಡಿಮೆ ಮಾಡುತ್ತಾರೆ. ಇವರು ರೈಲು ಮಾರ್ಗಗಳಿಗೂ ಕೆರೆ ಕಾಲುವೆಗಳಿಗೂ ಹಣ ಹಾಕಿದರು. ಮತ್ತೆ ಮಳೆ ಕೈಕೊಟ್ಟರೆ ಧಾನ್ಯ ಸಾಗಿಸಲು ರೈಲು ಬೇಕು, ಬೆಳೆಯಲು ನೀರು ಬೇಕು ಎಂಬುದು ಅವರ ಲೆಕ್ಕ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡವಾಗಿ ಕಟ್ಟಿದ ಮಾರಿಕಣಿವೆ ಅಣೆಕಟ್ಟೆಯ ಕೆಲಸ ಶುರುವಾದದ್ದು 1898ರಲ್ಲಿ, ಅವರ ಕಾಲದಲ್ಲೇ. ಕೋಲಾರದ ಚಿನ್ನದ ಗಣಿಗಳಿಂದ ಬರುವ ರಾಜಧನವೂ ಬೊಕ್ಕಸಕ್ಕೆ ಆಸರೆಯಾಯಿತು. 1895ರ ಹೊತ್ತಿಗೆ ಸಾಲದ ಲೆಕ್ಕ ಕಳೆದು ಒಂದು ಕೋಟಿಗೂ ಹೆಚ್ಚು ರೂಪಾಯಿ ಉಳಿತಾಯವಿತ್ತು. ಎಲ್ಲವೂ ಕೈಗೂಡಿತೆಂದಲ್ಲ. ರೈತರಿಗಾಗಿ 1894ರಲ್ಲಿ ಆರಂಭಿಸಿದ ಕೃಷಿ ಬ್ಯಾಂಕುಗಳು ಬೇರೂರಲಿಲ್ಲ.

ಆದರೆ ನಮಗೆ ಅವರ ದೊಡ್ಡ ಕೆಲಸವಾಗಿ ಕಾಣುವುದು ಆಡಳಿತ ಯಂತ್ರದ ರಿಪೇರಿ. ಶಿಫಾರಸಿನಿಂದ ಅಧಿಕಾರಿಗಳಾಗುತ್ತಿದ್ದ ಕಾಲದಲ್ಲಿ, 1891ರಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಸ್ಪರ್ಧಾ ಪರೀಕ್ಷೆ ತಂದರು. 1894ರಲ್ಲಿ ಭೂಗರ್ಭ ಇಲಾಖೆ ತೆರೆದರು. ಅದೇ ವರ್ಷ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಕಾನೂನಿನಿಂದ ತಡೆದರು. ಆ ಕಾಲಕ್ಕೆ ಅದೇನು ಸಣ್ಣ ಧೈರ್ಯವಲ್ಲ. ಬೆಂಗಳೂರಿಗೆ ಅರ್ಕಾವತಿಯ ನೀರನ್ನು ಹೆಸರಘಟ್ಟದಿಂದ ತರುವ ಕೆಲಸ 1896ರಲ್ಲಿ ಮುಗಿಯಿತು. ಸೋಲದೇವನಹಳ್ಳಿಯ ಹಬೆ ಯಂತ್ರಗಳು ನೀರೆತ್ತಿ ಕೊಳಾಯಿಗಳಲ್ಲಿ ನಗರಕ್ಕೆ ಕಳುಹಿಸಿದವು. ಎರಡು ವರ್ಷ ಕಳೆದು ಪ್ಲೇಗ್ ಬಂದಾಗ ಮಲ್ಲೇಶ್ವರ, ಬಸವನಗುಡಿಯ ಹೊಸ ಬಡಾವಣೆಗಳು ಜನರಿಗೆ ನೆಲೆಯಾದವು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. ಪರೀಕ್ಷೆ ಬಂದರೂ ಮೇಲಿನ ಹುದ್ದೆಗಳಲ್ಲಿ ಮದರಾಸಿನವರದೇ ಮೇಲುಗೈ. ಇಂಗ್ಲಿಷ್ ಓದು ಅವರಿಗೆ ಮೊದಲೇ ಸಿಕ್ಕಿತ್ತು, ದಿವಾನರೂ ಅವರ ಕಡೆಯವರು. ಮೈಸೂರು ಮೈಸೂರಿಗರಿಗೆ ಎಂಬ ಕೂಗು ಎದ್ದದ್ದು ಆ ದಿನಗಳಲ್ಲೇ. ಅದು ಬರೀ ಹೊಟ್ಟೆಕಿಚ್ಚಿನ ಕೂಗಲ್ಲವೆಂದು ನಮ್ಮ ಅಭಿಪ್ರಾಯ. ತಮ್ಮ ಊರಿನ ಕಚೇರಿಯಲ್ಲಿ ತಮ್ಮ ಮಕ್ಕಳಿಗೆ ಕುರ್ಚಿ ಇಲ್ಲವಾದರೆ ಯಾರಿಗೆ ನೋವಾಗದು? ಹೊರನಾಡಿನಲ್ಲಿ ದುಡಿಯುವ ನಮಗೆ ಈ ಪ್ರಶ್ನೆಯ ಎರಡೂ ಬದಿ ಗೊತ್ತು.

1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಹಠಾತ್ತನೆ ತೀರಿಕೊಂಡರು. ಮಗ ಕೃಷ್ಣರಾಜರಿಗೆ ಆಗ ಹತ್ತೇ ವರ್ಷ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ವಹಿಸಿಕೊಂಡರು. ಅವರ ಕೆಳಗೆ ಅಯ್ಯರ್ ದಿವಾನಗಿರಿ ಮುಂದುವರಿಸಿದರು. ಅಧಿಕಾರವೆಲ್ಲ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆಂದು ಆಡಳಿತ ಸಭೆಯ ಸದಸ್ಯರೊಂದಿಗೆ ತಿಕ್ಕಾಟವೂ ನಡೆಯಿತು. ಆರೋಗ್ಯವೂ ಕುಸಿಯುತ್ತಿತ್ತು.

ಆ ದಿನಗಳಲ್ಲೇ ಅವರು ಕೈಹಾಕಿದ್ದು ಶಿವನಸಮುದ್ರಕ್ಕೆ. ಕಾವೇರಿ ಧುಮುಕುವ ಬಲದಿಂದ ವಿದ್ಯುತ್ತು ಮಾಡಬಹುದು, ಸರಿ; ಆದರೆ ಮನೆಗಳಲ್ಲಿ ಎಣ್ಣೆ ದೀಪವಿದ್ದ ನಾಡಿನಲ್ಲಿ ಅದನ್ನು ಕೊಳ್ಳುವವರು ಯಾರು? ಉತ್ತರ ಕೋಲಾರದಲ್ಲಿತ್ತು. ಗಣಿಗಳ ಹಬೆ ಯಂತ್ರಗಳಿಗೆ ಸೌದೆ, ಕಲ್ಲಿದ್ದಲು ಹೊಂದಿಸುವುದೇ ದುಬಾರಿ. ಅಗ್ಗದ ವಿದ್ಯುತ್ತು ಸಿಕ್ಕರೆ ಜಾನ್ ಟೇಲರ್ ಕಂಪನಿಯವರು ಕೊಳ್ಳಲು ಸಿದ್ಧರಿದ್ದರು. ಹೀಗೆ ಗಿರಾಕಿಯನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಸರ್ಕಾರದ ಹಣ ಹೂಡಿದರು. ಮೈಸೂರಿನ ಇಂಜಿನಿಯರ್ ಜೋಲಿ ದ ಲೋಟ್ಬಿನಿಯೇರ್ ಎಂಬ ಸೈನ್ಯಾಧಿಕಾರಿಯನ್ನು 1899ರಲ್ಲಿ ಯೂರೋಪು, ಅಮೆರಿಕಗಳಿಗೆ ಕಳುಹಿಸಿ ಅಧ್ಯಯನ ಮಾಡಿಸಿದರು. ಜನರಲ್ ಇಲೆಕ್ಟ್ರಿಕ್ ಕಂಪನಿಯ ಯಂತ್ರಗಳು ಹಡಗಿನಲ್ಲಿ ಬಂದವು. ಅವನ್ನು ಕಣಿವೆಯ ತಳಕ್ಕೆ ಇಳಿಸುವುದೇ ಒಂದು ಸಾಹಸ. ಅಲ್ಲಿಂದ ಕೋಲಾರಕ್ಕೆ 92 ಮೈಲಿ ತಂತಿ. ಆ ಕಾಲಕ್ಕೆ ಅದು ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು.

ಕೆಲಸ ನಡೆಯುತ್ತಿರುವಾಗಲೇ, 1901ರ ಮಾರ್ಚಿನಲ್ಲಿ ಅಯ್ಯರ್ ನಿವೃತ್ತರಾದರು. ಆರು ತಿಂಗಳಿಗೆ, ಸೆಪ್ಟೆಂಬರ್ 13ರಂದು ಕಣ್ಣುಮುಚ್ಚಿದರು. ಹೊಸ ದಿವಾನರು ಬಂದರು. ಆದರೂ ಕೆಲಸ ಒಂದು ದಿನವೂ ಅನಾಥವಾಗಲಿಲ್ಲ. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ ದೀಪ ಬಂತು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಇಂದು ಶೇಷಾದ್ರಿ ಅಯ್ಯರರ ಹೆಸರಿದೆ. ರಜೆಗೆ ಊರಿಗೆ ಹೋಗುವವರು ಗಗನಚುಕ್ಕಿ ನೋಡಲು ಹೋದಾಗ ಮಕ್ಕಳಿಗೆ ಅದರ ಕಥೆಯನ್ನೂ ಹೇಳಿ. ಅಷ್ಟು ದೂರ ಹೋಗಲಾಗದವರು ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗಬಹುದು. ಅಲ್ಲಿನ ಕೆಂಪು ಬಣ್ಣದ ಗ್ರಂಥಾಲಯವೇ ಅವರ ಸ್ಮಾರಕ ಭವನ. ಎದುರಿಗೆ 1913ರಲ್ಲಿ ನಿಲ್ಲಿಸಿದ ಅವರ ಪ್ರತಿಮೆ ಇದೆ.